ಕುರುವಪುರಕ್ಕೆ ಹೊಳೆ ದಾಟುವ ಮುನ್ನ ಎರಡೂ ಭಾಷೆಯ ಸುದ್ದಿ ನೋಡಿ

ಉಮರ್ಗಾ: ಸೋಯಾಬೀನ್ ರಾಶಿ ಮುಗಿದು ಕೈಗೆ ನಾಲ್ಕು ಕಾಸು ಬರುವ ಹೊತ್ತಿಗೆ ಗುರುದ್ವಾದಶಿ ಬರುತ್ತದೆ. ಆಶ್ವೀಜ ಕೃಷ್ಣ ದ್ವಾದಶಿ, ಮರಾಠಿ ಮನೆಗಳಲ್ಲಿ ವಸುಬಾರಸ್ ಎನ್ನುವ ದಿನ. ಕೃಷ್ಣಾ ನದಿಯ ನಡುವಿನ ಕುರುವಪುರದಲ್ಲಿ ಶ್ರೀಪಾದ ಶ್ರೀವಲ್ಲಭರು ಅಂತರ್ಧಾನರಾದ ತಿಥಿ ಎಂದು ದತ್ತ ಭಕ್ತರು ಇದನ್ನು ಆಚರಿಸುತ್ತಾರೆ. ಉಮರ್ಗಾ, ನಿಲಂಗಾ, ಉದಗೀರ ಭಾಗದವರಿಗೆ ಗಾಣಗಾಪುರ ಮನೆಯಂಗಳವಿದ್ದ ಹಾಗೆ, ಕುರುವಪುರ ಅದರ ಮುಂದಿನ ಮಜಲು. ಗಾಣಗಾಪುರಕ್ಕೆ ಬಸ್ಸು ಸಾಕು. ಕುರುವಪುರಕ್ಕೆ ಮಾತ್ರ ಹೊಳೆ ದಾಟಬೇಕು.

ಇಲ್ಲಿಯೇ ನಮ್ಮ ಕಡೆಯ ಜನ ಒಂದು ತಪ್ಪು ಲೆಕ್ಕ ಹಾಕುತ್ತಾರೆ. ಊರಲ್ಲಿ ಮಳೆ ನಿಂತು ಎರಡು ವಾರವಾಯಿತು, ಹಳ್ಳದಲ್ಲಿ ನೀರು ಇಳಿಯಿತು, ಅಲ್ಲಿಯೂ ಹೊಳೆ ಇಳಿದಿರುತ್ತದೆ ಎಂದುಕೊಂಡು ಗಾಡಿ ಹತ್ತುತ್ತಾರೆ. ದಡಕ್ಕೆ ಹೋಗಿ ನೋಡಿದರೆ ನೀರು ಕೆಂಪಗೆ ಸುತ್ತುತ್ತಿರುತ್ತದೆ, ದೋಣಿ ಬಂದ್ ಆಗಿರುತ್ತದೆ. ಕೆಲವರು ಮರಳಿ ಬರುತ್ತಾರೆ. ಕೆಲವರು ಇಷ್ಟು ದೂರ ಬಂದೆವಲ್ಲ ಎಂದು ಅಂಬಿಗನನ್ನು ಕಾಡಿಸಿ ಪುಟ್ಟಿ ಹತ್ತುತ್ತಾರೆ. ಜೀವಕ್ಕೆ ಕುತ್ತು ಬರುವುದು ಈ ಎರಡನೆಯವರಿಗೆ.

ಎಲ್ಲಿದೆ ಈ ನಡುಗಡ್ಡೆ

ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆಗೆ ಭೀಮೆ ಬಂದು ಕೂಡುವುದು ರಾಯಚೂರಿನ ಉತ್ತರಕ್ಕೆ, ಕೃಷ್ಣಾ ರೈಲು ನಿಲ್ದಾಣದ ಹತ್ತಿರ. ಅಲ್ಲಿಂದ ಕೆಳಗೆ, ಜುರಾಲಾ ಅಣೆಕಟ್ಟಿಗೆ ಮುಟ್ಟುವ ಮೊದಲು, ಹೊಳೆ ಅಗಲವಾಗಿ ಒಡೆದು ಹಲವು ನಡುಗಡ್ಡೆಗಳನ್ನು ಬಳಸಿಕೊಂಡು ಹರಿಯುತ್ತದೆ. ಕುರುವಪುರ ಅವುಗಳಲ್ಲಿ ಹೆಚ್ಚು ಹೆಸರಾದದ್ದು. ನಾರದಗಡ್ಡೆ ಇನ್ನೊಂದು, ಅಲ್ಲಿ ಚನ್ನಬಸವೇಶ್ವರರ ಗುಡಿ ಇದೆ. ಇವೆಲ್ಲ ಕರ್ನಾಟಕದ ರಾಯಚೂರು ತಾಲೂಕಿಗೆ ಸೇರಿದವು. ಎದುರಿನ ಉತ್ತರದ ದಡ ತೆಲಂಗಾಣದ್ದು.

ಹೆಸರುಗಳನ್ನು ಒಂದಿಷ್ಟು ಬಿಡಿಸಿ ನೋಡಬೇಕು. ಕುರುವ, ಕುರ್ವೆ ಎಂದರೆ ಕನ್ನಡದಲ್ಲಿ ನಡುಗಡ್ಡೆ. ಕರಾವಳಿಯ ಹೊನ್ನಾವರದ ಬಳಿ ಮಾವಿನಕುರ್ವೆ ಇರುವುದು ಇದೇ ಮಾತಿನಿಂದ. ಕೃಷ್ಣೆಯ ಈ ಭಾಗದಲ್ಲಿ ಕುರ್ವಕಲಾ, ಕುರ್ವಕುರ್ದಾ ಎಂಬ ಹೆಸರುಗಳಿವೆ. ಕಲಾ ಎಂದರೆ ದೊಡ್ಡದು, ಖುರ್ದ ಎಂದರೆ ಚಿಕ್ಕದು. ನಮ್ಮ ಕಡೆ ಬುದ್ರುಕ, ಖುರ್ದ ಎಂದು ಒಂದೇ ಹೆಸರಿನ ಎರಡು ಊರುಗಳನ್ನು ಬೇರೆ ಮಾಡುವ ಹಾಗೆಯೇ ಇದು. ಕನ್ನಡದ ಕುರುವಕ್ಕೆ ನಿಜಾಮರ ದಫ್ತರದ ಬಾಲ ಹತ್ತಿಕೊಂಡಿದೆ.

ಆಶ್ಚರ್ಯವೇನೂ ಇಲ್ಲ. 1956ರ ನವೆಂಬರ್ 1ರವರೆಗೆ ಈ ಸೀಮೆಯೆಲ್ಲ ಹೈದರಾಬಾದ್ ಎಂಬ ಒಂದೇ ರಾಜ್ಯದಲ್ಲಿತ್ತು. ಉದಗೀರ, ನಿಲಂಗಾ ಆಗ ಬೀದರ ಜಿಲ್ಲೆಯ ತಾಲೂಕುಗಳು. ಉಮರ್ಗಾ ಉಸ್ಮಾನಾಬಾದಿನದು, ಅಂದರೆ ಇಂದಿನ ಧಾರಾಶಿವದ್ದು. ಕುರುವಪುರ ರಾಯಚೂರಿನದು, ಎದುರು ದಡ ಮಹಬೂಬನಗರದ್ದು. ಆ ದಿನದ ನಂತರ ಯಾತ್ರಿಕರ ಊರು ಒಂದು ರಾಜ್ಯದಲ್ಲಿ, ಗುಡಿ ಇನ್ನೊಂದರಲ್ಲಿ, ಆಚೆ ದಡ ಮತ್ತೊಂದರಲ್ಲಿ ಆಯಿತು. ಹೊಳೆಯ ಸುದ್ದಿಯೂ ಹಾಗೆಯೇ ಮೂರು ಪಾಲಾಯಿತು.

ಗುರುಚರಿತ್ರೆ ಮತ್ತು ಕಡಗಂಚಿ

ಶ್ರೀಪಾದ ಶ್ರೀವಲ್ಲಭರು ಆಂಧ್ರದ ಪೀಠಾಪುರದಲ್ಲಿ ಹುಟ್ಟಿ ಕುರುವಪುರಕ್ಕೆ ಬಂದು ನೆಲೆಸಿದರು ಎಂಬುದು ಗುರುಚರಿತ್ರೆಯ ಕಥೆ. ಅವರ ಕಾಲ 14ನೆಯ ಶತಮಾನ ಎಂದು ಸಂಪ್ರದಾಯ ಹೇಳುತ್ತದೆ. ಮರಾಠಿಯಲ್ಲಿ ಈ ಗ್ರಂಥ ಬರೆದ ಸರಸ್ವತೀ ಗಂಗಾಧರರ ಮನೆಮಾತು ಕನ್ನಡ. ಗಾಣಗಾಪುರದ ನರಸಿಂಹ ಸರಸ್ವತಿಯವರ ಶಿಷ್ಯ, ಕಡಗಂಚಿಯ ಸಾಯಂದೇವ ಇವರ ಹಿರಿಯ. ಉಮರ್ಗಾದಿಂದ ಆಳಂದ ಮೇಲೆ ಕಲಬುರಗಿಗೆ ಹೋಗುವ ಬಸ್ಸು ಕಡಗಂಚಿಯನ್ನು ಹಾದೇ ಹೋಗುತ್ತದೆ. ಈಗ ಅಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ.

ಗುರುಚರಿತ್ರೆಯ 9ನೆಯ ಅಧ್ಯಾಯದಲ್ಲಿ ಈ ಹೊಳೆಯ ಮೇಲಿನ ದೋಣಿ ವಿಹಾರವೊಂದು ಬರುತ್ತದೆ. ಕುರುವಪುರದಲ್ಲಿ ಬಟ್ಟೆ ಒಗೆಯುವ ಒಬ್ಬ ಮಡಿವಾಳ ದಿನವೂ ಗುರುಗಳಿಗೆ ಕೈ ಮುಗಿಯುತ್ತಿದ್ದ. ಒಂದು ದಿನ ಅರಸನೊಬ್ಬ ರಾಣಿಯರೊಡನೆ, ಪರಿವಾರದೊಡನೆ ಅಲಂಕರಿಸಿದ ದೋಣಿಗಳಲ್ಲಿ ಹೊಳೆಯ ಮೇಲೆ ವಿಹರಿಸುವುದನ್ನು ಕಂಡ. ಬದುಕಿದರೆ ಹೀಗೆ ಬದುಕಬೇಕು ಎಂದು ಮನಸ್ಸು ಮಾಡಿದ. ಗುರುಗಳು ಅದನ್ನು ತಿಳಿದು, ಮುಂದಿನ ಜನ್ಮದಲ್ಲಿ ವೈದೂರ ನಗರದ ಅರಸನಾಗು ಎಂದರಂತೆ. ವೈದೂರ ಎಂದರೆ ಬೀದರ ಎನ್ನುತ್ತಾರೆ. ಆ ವಿಹಾರ ನಡೆದದ್ದು ವೈಶಾಖದಲ್ಲಿ ಎಂದು ಕಥೆ ಹೇಳುತ್ತದೆ. ಅರಸನಿಗೂ ಗೊತ್ತಿತ್ತು, ಹೊಳೆಯ ಮೇಲೆ ಹೋಗುವ ಕಾಲ ಬೇಸಿಗೆ ಎಂದು.

ವಾಸುದೇವಾನಂದ ಸರಸ್ವತಿಯವರು, ಅಂದರೆ ಟೇಂಬೆ ಸ್ವಾಮಿಗಳು, 1911ರ ಚಾತುರ್ಮಾಸವನ್ನು ಈ ನಡುಗಡ್ಡೆಯಲ್ಲಿ ಕಳೆದರು. ಅವರು ತಪಸ್ಸಿಗೆ ಕುಳಿತ ಗುಹೆಯನ್ನು ಈಗಲೂ ತೋರಿಸುತ್ತಾರೆ. ಮಳೆಗಾಲದ ಆ ತಿಂಗಳುಗಳಲ್ಲಿ ಸನ್ಯಾಸಿಗಳು ಇದ್ದಲ್ಲೇ ಇರಬೇಕು, ಹೊಳೆ ದಾಟಬಾರದು ಎಂಬುದು ಹಳೆಯ ಕಟ್ಟಳೆ.

ಹೋಗುವುದು ಹೇಗೆ

ದಾರಿ ಎರಡು. ಒಂದು ರಾಯಚೂರಿನಿಂದ ಆತ್ಕೂರಿಗೆ ಸುಮಾರು 30 ಕಿ.ಮೀ. ಹೋಗಿ, ಅಲ್ಲಿ ದೋಣಿ ಹತ್ತುವುದು. ಇನ್ನೊಂದು ತೆಲಂಗಾಣದ ಮಕ್ತಲ್ ಮೇಲೆ ಪಂಚದೇವ ಪಹಾಡಕ್ಕೆ ಹೋಗಿ, ಉತ್ತರದ ದಡದಿಂದ ದಾಟುವುದು. ಉಮರ್ಗಾ, ನಿಲಂಗಾದವರಿಗೆ ಕಲಬುರಗಿಗೆ ಬಂದು ಅಲ್ಲಿಂದ ರೈಲು ಹಿಡಿಯುವುದು ಅನುಕೂಲ. ವಾಡಿ, ಯಾದಗಿರಿ ಆದ ಮೇಲೆ ಕೃಷ್ಣಾ ನಿಲ್ದಾಣ, ನಂತರ ರಾಯಚೂರು. ಉದಗೀರದವರು ಬೀದರ ಮೇಲೆ ಬರಬಹುದು. ಕೃಷ್ಣಾ ನಿಲ್ದಾಣ ಬಿಟ್ಟು ರೈಲು ಸೇತುವೆಗೆ ಬಂದಾಗ ಕಿಟಕಿಯಿಂದ ಕೆಳಗೆ ನೋಡಬೇಕು. ಬಂಡೆಗಳು ಮೇಲೆದ್ದು ಕಾಣುತ್ತಿದ್ದರೆ ಹೊಳೆ ಇಳಿದಿದೆ. ಬಂಡೆ ಕಾಣದೆ ದಡದಿಂದ ದಡಕ್ಕೆ ಕೆಂಪು ನೀರೇ ಇದ್ದರೆ ಮುಂದಿನ ಪ್ರಯಾಣದ ಬಗ್ಗೆ ಅಲ್ಲೇ ಯೋಚಿಸುವುದು ಒಳ್ಳೆಯದು.

ಬಂಡೆಗಳ ಮಾತು ಬಂದಿತು. ಮರಾಠವಾಡದ ಕಪ್ಪು ಕಲ್ಲಿನ ಸೀಮೆ ಮುಗಿದು ರಾಯಚೂರು ಕಡೆಗೆ ಬಂದರೆ ನೆಲ ಬದಲಾಗುತ್ತದೆ. ಇಲ್ಲಿ ಗ್ರಾನೈಟ್ ಬಂಡೆ, ದುಂಡು ದುಂಡಾದ ಬೂದು ಗುಂಡುಗಳು. ಹೊಳೆಯ ತಳವೂ ಹಾಗೆಯೇ. ಬೇಸಿಗೆಯಲ್ಲಿ ನೋಡಲು ಇದು ಬಹಳ ಚೆಂದ. ಬೆಳಗಿನ ಬಿಸಿಲಿನಲ್ಲಿ ನೀರು ಕನ್ನಡಿಯಂತೆ ನಿಂತಿರುತ್ತದೆ, ಬಂಡೆಗಳ ಮೇಲೆ ಕೊಕ್ಕರೆ ಕೂತಿರುತ್ತವೆ, ಎದುರಿಗೆ ಕುರುವಪುರದ ಮರಗಳ ಹಸಿರು. ನೀರು ಏರಿದಾಗ ಅದೇ ಬಂಡೆಗಳು ನೀರಿನಡಿ ಅಡಗುತ್ತವೆ, ಮೇಲೆ ಸುಳಿ ಮಾತ್ರ ಕಾಣುತ್ತದೆ. ಈ ಹೊಳೆಯಲ್ಲಿ ಮೊಸಳೆಗಳಿವೆ ಎಂಬುದನ್ನೂ ಮರೆಯಬಾರದು. ದಡದವರು ಸ್ನಾನಕ್ಕೆ ತೋರಿಸಿದ ಜಾಗ ಬಿಟ್ಟು ಬೇರೆಲ್ಲೂ ಇಳಿಯಬೇಡಿ.

ಪುಟ್ಟಿ ಎಂಬ ದೋಣಿ

ಈ ಭಾಗದ ಹಳೆಯ ದೋಣಿ ಪುಟ್ಟಿ. ಕನ್ನಡದಲ್ಲಿ ಹರಿಗೋಲು ಎಂದೂ ತೆಪ್ಪ ಎಂದೂ ಅನ್ನುತ್ತಾರೆ. ದೊಡ್ಡ ಬಿದಿರಿನ ಬುಟ್ಟಿಯ ಹಾಗೆ ಗುಂಡಗಿರುತ್ತದೆ. ಮೊದಲು ಅದಕ್ಕೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಯಂತ್ರದ ದೋಣಿಗಳೂ ಓಡುತ್ತವೆ.

ಪುಟ್ಟಿಗೆ ಮುಂದು ಹಿಂದು ಇಲ್ಲ, ಚೂಪಾದ ತಳವಿಲ್ಲ. ತಳ ಚಪ್ಪಟೆ ಇರುವುದರಿಂದ ಮೊಣಕಾಲುದ್ದ ನೀರಿನಲ್ಲೂ ಬಂಡೆಗಳ ನಡುವೆ ಜಾರಿಕೊಂಡು ಹೋಗುತ್ತದೆ. ಇಂಥ ಕಲ್ಲಿನ ಹೊಳೆಗೆ ಅದಕ್ಕಿಂತ ಒಳ್ಳೆಯ ದೋಣಿ ಇಲ್ಲ. ಅದರ ದೋಷವೂ ಅಲ್ಲಿಯೇ ಇದೆ. ಸೆಳವು ಜೋರಾದರೆ ಒಂದು ಹುಟ್ಟಿನಿಂದ ಅದನ್ನು ನೆಟ್ಟಗೆ ಹಿಡಿಯುವುದು ಕಷ್ಟ, ತಿರುಗುತ್ತಾ ನೀರು ಎಳೆದ ಕಡೆಗೆ ಹೋಗುತ್ತದೆ. ಅಂಚು ನೀರಿನಿಂದ ಸ್ವಲ್ಪವೇ ಮೇಲಿರುತ್ತದೆ. ನಾಲ್ಕು ಜನ ಒಂದೇ ಕಡೆಗೆ ವಾಲಿದರೆ ಆ ಕಡೆಯ ಅಂಚಿನಿಂದ ನೀರು ಒಳಗೆ ನುಗ್ಗುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆಯಲು ಒಬ್ಬರು ಎದ್ದು ನಿಂತರೂ ಸಾಕು. ಹತ್ತಿದ ಕೂಡಲೇ ತಳದಲ್ಲಿ ಕೂಡಬೇಕು, ಗಂಟುಮೂಟೆ ನಡುವೆ ಇಡಬೇಕು, ದಡ ಮುಟ್ಟುವವರೆಗೆ ಏಳಬಾರದು.

ಆಗಸ್ಟ್ 2020ರಲ್ಲಿ ತೆಲಂಗಾಣದ ದಡದಿಂದ ಕುರ್ವಕುರ್ದಾಕ್ಕೆ ಮರಳುತ್ತಿದ್ದ ತೆಪ್ಪವೊಂದು ಮಗುಚಿತು. 13 ಜನರಿದ್ದರು. 9 ಜನ ಬದುಕಿದರು, 4 ಜನ ನೀರುಪಾಲಾದರು. ಅವರು ದೂರದಿಂದ ಬಂದ ಯಾತ್ರಿಕರಲ್ಲ, ಹೊಳೆಯನ್ನು ದಿನವೂ ಕಾಣುವ ನಡುಗಡ್ಡೆಯ ಜನ. ಬಾವಿ, ಕೆರೆ ಬಿಟ್ಟು ದೊಡ್ಡ ನೀರು ಕಾಣದ ನಮ್ಮ ಹಳ್ಳಿಯವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 2019ರ ಜನವರಿ 21ರಂದು ಕಾರವಾರದ ಸಮುದ್ರದಲ್ಲಿ ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಜನ ಸತ್ತರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು. ಸತ್ತವರಲ್ಲಿ ಒಳನಾಡಾದ ಹಾವೇರಿ ಜಿಲ್ಲೆಯಿಂದ ಬಂದ ಒಂದೇ ಕುಟುಂಬದವರಿದ್ದರು. ದೇವರ ಕೆಲಸಕ್ಕೆ ಹೋಗುವಾಗ ದೋಣಿಯಲ್ಲಿ ಎಷ್ಟು ಜನ ಎಂದು ಎಣಿಸುವುದು ಅಪಶಕುನವಲ್ಲ.

ನೀರು ಎಲ್ಲಿಂದ ಬರುತ್ತದೆ

ಮುಖ್ಯ ವಿಷಯ ಇದು. ಕುರುವಪುರದ ಎದುರಿನ ನೀರು ರಾಯಚೂರಿನ ಮಳೆಯದ್ದಲ್ಲ, ನಮ್ಮೂರ ಮಳೆಯದ್ದೂ ಬಹುಪಾಲು ಅಲ್ಲ. ನಿಲಂಗಾ, ಉದಗೀರ ಭಾಗದ ನೀರು ತೇರಣಾ, ಮಾಂಜ್ರಾ ಸೇರಿ ಗೋದಾವರಿಗೆ ಹೋಗುತ್ತದೆ, ಅದಕ್ಕೂ ಕುರುವಪುರಕ್ಕೂ ಸಂಬಂಧವಿಲ್ಲ. ಉಮರ್ಗಾ ತಾಲೂಕಿನ ಬೆಣ್ಣೆತೊರೆ (ಮರಾಠಿಯ ಬೆನೀತುರಾ) ಮಾತ್ರ ಕಾಗಿಣಾ ಸೇರಿ, ಭೀಮೆ ಸೇರಿ, ಕೊನೆಗೆ ಕುರುವಪುರದ ಮುಂದೆ ಹಾಯುತ್ತದೆ. ಆದರೆ ಅದು ಇಡೀ ಹೊಳೆಯಲ್ಲಿ ಒಂದು ಚೊಂಬು ನೀರಿದ್ದಂತೆ.

ದೊಡ್ಡ ನೀರು ಬರುವುದು ಎರಡು ಬಾಗಿಲಿನಿಂದ. ಒಂದು, ಕೃಷ್ಣೆಯ ಮೇಲಿನ ನಾರಾಯಣಪುರದ ಬಸವಸಾಗರ. ಅದರ ಮೇಲೆ ಆಲಮಟ್ಟಿ, ಇನ್ನೂ ಮೇಲೆ ಸಾತಾರಾ ಕಡೆಯ ಕೊಯ್ನಾ. ಇನ್ನೊಂದು ಭೀಮೆ. ಅದರ ಮೇಲೆ ಸೋಲಾಪುರ ಜಿಲ್ಲೆಯ ಉಜನಿ. ಉಜನಿಯ ಕೆಳಗೆ ನೀರಾ, ಸೀನಾ ನದಿಗಳು ಕೂಡುತ್ತವೆ. ಎರಡೂ ಬಾಗಿಲಿನ ನೀರು ಒಂದಾದ ಮೇಲೆಯೇ ಕುರುವಪುರ ಬರುತ್ತದೆ. ಆದ್ದರಿಂದ ಒಂದು ಬಾಗಿಲು ಮುಚ್ಚಿದೆ ಎಂದ ಮಾತ್ರಕ್ಕೆ ಹೊಳೆ ಶಾಂತವಾಗಿದೆ ಎನ್ನುವಂತಿಲ್ಲ.

ಹಾಗಾದರೆ ಜೂನ್ ತಿಂಗಳ ಮೊದಲ ದೊಡ್ಡ ಮಳೆಗೇ ಹೊಳೆ ಉಕ್ಕಬೇಕಲ್ಲ? ಸಾಮಾನ್ಯವಾಗಿ ಹಾಗಾಗುವುದಿಲ್ಲ. ಬೇಸಿಗೆ ಮುಗಿದಾಗ ಅಣೆಕಟ್ಟುಗಳು ಬರಿದಾಗಿರುತ್ತವೆ. ಕೊಯ್ನಾದಲ್ಲಿ ಸುಮಾರು 105 ಟಿಎಂಸಿ ಹಿಡಿಯುತ್ತದೆ, ಆಲಮಟ್ಟಿಯಲ್ಲಿ 123, ಉಜನಿಯಲ್ಲಿ ಸುಮಾರು 117. ಮೊದಲ ನೀರನ್ನು ಅವು ಕುಡಿದುಬಿಡುತ್ತವೆ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಅವು ತುಂಬಿರುತ್ತವೆ. ತುಂಬಿದ ಕೊಡಕ್ಕೆ ಎಷ್ಟು ಹಾಕಿದರೂ ಹೊರಗೇ ಚೆಲ್ಲುತ್ತದೆ. ಆಮೇಲೆ ಘಟ್ಟದಲ್ಲಿ ಅಥವಾ ಸೋಲಾಪುರದಲ್ಲಿ ಎರಡು ದಿನ ಬಿದ್ದ ಮಳೆ ಹೆಚ್ಚು ತಡೆಯಿಲ್ಲದೆ ಕೆಳಗೆ ಬರುತ್ತದೆ. ಹೀಗಾಗಿ ಹಬ್ಬದ ಮುಂಚಿನ ಅಕ್ಟೋಬರ್ ಮಳೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅಕ್ಟೋಬರ್ 2020ರಲ್ಲಿ ಭೀಮೆ ಉಕ್ಕಿ ಅಫಜಲಪುರ ಕಡೆಯ ಹಳ್ಳಿಗಳು ಮುಳುಗಿದ್ದು ಹೀಗೆಯೇ. ಸೆಪ್ಟೆಂಬರ್ 2025ರ ಕೊನೆಯಲ್ಲಿ ಧಾರಾಶಿವ, ಸೋಲಾಪುರ ಜಿಲ್ಲೆಗಳು ನೀರಲ್ಲಿ ನಿಂತಾಗಲೂ ಭೀಮೆ ಕಲಬುರಗಿ ಜಿಲ್ಲೆಯಲ್ಲಿ ದಡ ಮೀರಿತು. ಕೃಷ್ಣೆಯ ಕಡೆಯಿಂದ ಆಗಸ್ಟ್ 2019ರಲ್ಲಿ ನಾರಾಯಣಪುರದಿಂದ ಬಿಟ್ಟ ನೀರು 6 ಲಕ್ಷ ಕ್ಯೂಸೆಕ್ ದಾಟಿತ್ತು.

ಲಕ್ಷ ಕ್ಯೂಸೆಕ್ ಎಂದರೆ ಎಷ್ಟು? ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಲಾತೂರಿನವರಿಗೆ ಇದನ್ನು ಬೇರೆ ರೀತಿ ಹೇಳಬಹುದು. ಏಪ್ರಿಲ್ 2016ರ ಬರದಲ್ಲಿ ಮಿರಜದಿಂದ ನೀರಿನ ರೈಲು ಬಂದದ್ದು ಎಲ್ಲರಿಗೂ ನೆನಪಿದೆ. ಆ ನೀರೂ ಕೃಷ್ಣೆಯದ್ದೇ. 50 ವ್ಯಾಗನ್ನಿನ ಪೂರ್ತಿ ರೈಲು 25 ಲಕ್ಷ ಲೀಟರ್ ತರುತ್ತಿತ್ತು. ಹೊಳೆಯಲ್ಲಿ ಲಕ್ಷ ಕ್ಯೂಸೆಕ್ ಇದೆ ಎಂದರೆ ಅಂಥ ಒಂದು ರೈಲಿಗಿಂತ ಹೆಚ್ಚು ನೀರು ಪ್ರತಿ ಸೆಕೆಂಡಿಗೆ ಹಾಯುತ್ತಿದೆ ಎಂದು ಅರ್ಥ. ಅದರ ಮೇಲೆ ಬಿದಿರಿನ ಬುಟ್ಟಿ.

ಕೆಳಗಿನ ಜುರಾಲಾದ್ದು ಬೇರೆ ಕಥೆ. ಅದರ ಗೇಟು ಮುಚ್ಚಿದಾಗ ಹಿನ್ನೀರು ಕುರುವಪುರದ ಕಡೆಗೆ ಹಬ್ಬಿ ನಿಲ್ಲುತ್ತದೆ. ಹೊಳೆ ಅಗಲವಾಗಿ ಆಳವಾಗಿ ಕಂಡರೂ ಸೆಳವು ಕಡಿಮೆ. ಬೇಸಿಗೆಯಲ್ಲೂ ದೋಣಿಗೆ ನೀರು ಸಿಗುವುದಕ್ಕೆ ಇದೂ ಒಂದು ಕಾರಣ. ಮೇಲಿಂದ ಪ್ರವಾಹ ಬಂದು ಅಲ್ಲಿಯೂ ಗೇಟು ಎತ್ತಿದಾಗ ನಿಂತ ನೀರು ಓಡುವ ನೀರಾಗುತ್ತದೆ. ದಡದಲ್ಲಿ ನಿಂತು ನೀರಿನ ಮಟ್ಟ ಮಾತ್ರ ನೋಡುವವರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ತೇಲಿ ಬರುವ ಕಸಕಡ್ಡಿ ಎಷ್ಟು ವೇಗವಾಗಿ ಹೋಗುತ್ತದೆ ಎಂಬುದನ್ನು ನೋಡಬೇಕು.

ಎರಡು ಭಾಷೆಯ ಉಪಯೋಗ

ಗಡಿಯ ಜನಕ್ಕೆ ಇಲ್ಲೊಂದು ಅನುಕೂಲವಿದೆ, ಅದನ್ನು ಬಳಸುವವರು ಕಡಿಮೆ. ಕೊಯ್ನಾ, ಉಜನಿಯ ಸುದ್ದಿ ಮರಾಠಿ ಪತ್ರಿಕೆಗಳಲ್ಲಿ ಬರುತ್ತದೆ. ಆಲಮಟ್ಟಿ, ನಾರಾಯಣಪುರದ ಸುದ್ದಿ ಕನ್ನಡ ಪತ್ರಿಕೆಗಳಲ್ಲಿ. ಪುಣೆಯಿಂದ ಬರುವ ಭಕ್ತನಿಗೆ ಒಂದು ಕಾಣುತ್ತದೆ, ರಾಯಚೂರಿನವನಿಗೆ ಇನ್ನೊಂದು. ಎರಡೂ ಓದಬಲ್ಲವರು ಉಮರ್ಗಾ, ನಿಲಂಗಾ, ಉದಗೀರದಂಥ ಊರುಗಳವರು.

ಪದಗಳು ಮಾತ್ರ ಬೇರೆ. ಮರಾಠಿಯಲ್ಲಿ ವಿಸರ್ಗ ಎಂದರೆ ಅಣೆಕಟ್ಟಿನಿಂದ ಬಿಟ್ಟ ನೀರು. ಕನ್ನಡದಲ್ಲಿ ಅದೇ ಹೊರಹರಿವು. ಮರಾಠಿಯ ಆವಕ, ಕನ್ನಡದ ಒಳಹರಿವು. ಮರಾಠಿ ಸುದ್ದಿಯಲ್ಲಿ ಅಣೆಕಟ್ಟಿನ ಸಂಗ್ರಹವನ್ನು ದಲಘಮಿ, ಅಂದರೆ ದಶಲಕ್ಷ ಘನಮೀಟರಿನಲ್ಲಿ ಕೊಡುವುದುಂಟು. ಕನ್ನಡದಲ್ಲಿ ಟಿಎಂಸಿ. ಒಂದು ಟಿಎಂಸಿಗೆ ಸುಮಾರು 28 ದಲಘಮಿ. ಯಾತ್ರಿಕರಿಗೆ ಸಂಗ್ರಹದ ಲೆಕ್ಕಕ್ಕಿಂತ ವಿಸರ್ಗದ ಲೆಕ್ಕ ಮುಖ್ಯ. ಉಜನಿ ಮತ್ತು ನಾರಾಯಣಪುರ ಎರಡರ ಹೊರಹರಿವನ್ನು ಹೊರಡುವ ಮುನ್ನ ಮೂರು ದಿನ ಗಮನಿಸಿದರೆ ಹೊಳೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ. ಏರುತ್ತಿದ್ದರೆ ತಿಥಿ ಎಷ್ಟೇ ದೊಡ್ಡದಿರಲಿ, ಯಾತ್ರೆ ಮುಂದೂಡಬೇಕು.

ಹೊಳೆ ಇಳಿದ ಮೇಲೂ ಕೆಲವು ಮಾತುಗಳಿವೆ. ದೋಣಿ ಬಂದ್ ಎಂದು ತಾಲೂಕು ಆಡಳಿತ ಅಥವಾ ಪೊಲೀಸರು ಹೇಳಿದ್ದರೆ, ಹೆಚ್ಚು ದುಡ್ಡು ಕೊಡುತ್ತೇವೆ ಎಂದು ಅಂಬಿಗನನ್ನು ಒತ್ತಾಯಿಸಬಾರದು. ಬಡ ಅಂಬಿಗ ಆಸೆಗೆ ಬಿದ್ದು ಹೊರಟರೆ ತಪ್ಪು ಅವನೊಬ್ಬನದಲ್ಲ. ಜೀವರಕ್ಷಕ ಜಾಕೆಟ್ ಕೇಳಿ ಹಾಕಿಕೊಳ್ಳಬೇಕು, ಸೀರೆಯ ಮೇಲೆ, ಧೋತರದ ಮೇಲೆ ಚೆಂದ ಕಾಣುವುದಿಲ್ಲ ಎಂದು ಬಿಡಬಾರದು. ಚೈತ್ರ, ವೈಶಾಖದಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಬೆಳಿಗ್ಗೆಯೇ ದಾಟುವುದು ಲೇಸು. ಮರಳುವ ದೋಣಿ ಯಾವಾಗ ಎಂದು ಹೋಗುವಾಗಲೇ ಕೇಳಿಡಬೇಕು, ಕತ್ತಲಾದ ಮೇಲೆ ಹೊಳೆಗೆ ಇಳಿಯಬಾರದು. ತಡವಾದರೆ ನಡುಗಡ್ಡೆಯಲ್ಲಿ ಉಳಿಯಬಹುದು, ಅರ್ಚಕರ ಮನೆಗಳಲ್ಲಿ ಊಟ, ಮಲಗುವ ಜಾಗ ಸಿಗುತ್ತದೆ. ದೊಡ್ಡ ಲಾಡ್ಜು ಹುಡುಕಬೇಡಿ.

ದಡದವರೆಗೆ ಹೋಗಿ ದೋಣಿ ಸಿಗದಿದ್ದರೆ ಯಾತ್ರೆ ಪೂರ್ತಿ ವ್ಯರ್ಥವಲ್ಲ. ಮರಳುವ ದಾರಿಯಲ್ಲಿ ಕಲಬುರಗಿಯ ಈಚೆಗೆ ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ಗಾಣಗಾಪುರಕ್ಕೆ ಹೋಗಬಹುದು. ನಿರ್ಗುಣ ಮಠದ ಪಾದುಕೆಗಳ ದರ್ಶನಕ್ಕೆ ಯಾವ ದೋಣಿಯೂ ಬೇಕಿಲ್ಲ. ಭೀಮಾ, ಅಮರಜಾ ಸಂಗಮದಲ್ಲಿ ಸ್ನಾನ ಮಾಡುವವರು ಮಾತ್ರ ಆ ದಿನದ ಉಜನಿಯ ವಿಸರ್ಗ ಎಷ್ಟು ಎಂದು ಕೇಳಿಯೇ ಮೆಟ್ಟಿಲು ಇಳಿಯಬೇಕು.